ನೀಲಿ ಮುಕ್ಕಿದ ರಿವಾಲ್ವರ್

ನಮ್ಮ ಸಾಲ್ವದೊರ್ ಕ್ರಾಸ್ತಾನ ರಿವಾಲ್ವರಿಗೆ ಕೊನೆಗೆ ಎಂತ ಆಯಿತು, ಅಂದಾಜು ಮಾಡಿ ನೋಡುವ. ಕಳವಾಯಿತೋ? ಇಲ್ಲ. ಗುಂಡು ಹಾರಿತೋ? ಅದು ಹಾರಿದ್ದು ಒಂದೇ ಸಲ, ಅವನ ಅಜ್ಜನ ಕಾಲದಲ್ಲಿ, ಹಂದಿಯ ಕಡೆಗೆ. ತಾಗಿದ್ದು ಹಲಸಿನ ಮರಕ್ಕೆ. ಮಾರಿದನೋ? ಅದೂ ಅಲ್ಲ. ನಿಮ್ಮಿಂದ ಆಗುವುದಿಲ್ಲ, ನಾನೇ ಹೇಳುತ್ತೇನೆ. ನಿವೃತ್ತನಾದ ಮೇಲೆ ನನ್ನಲ್ಲಿ ಸಮಯ ಧಾರಾಳ ಉಂಟು, ಕೇಳುವವರು ಮಾತ್ರ ಕಡಿಮೆ.

ಸತ್ಯಸಂಗತಿ ಹೀಗಿದೆ: ಯಾವುದೇ ಕೋವಿಯ ಬಣ್ಣವು ಅದರ ಪರವಾನಿಗೆಯಲ್ಲಿ ಬರೆದ ಬಣ್ಣವೇ ಆಗಿರತಕ್ಕದ್ದು, ವ್ಯತ್ಯಾಸ ಕಂಡುಬಂದಲ್ಲಿ ತಪ್ಪು ಕೋವಿಯದ್ದು. ಈ ತತ್ವದ ಆಧಾರದ ಮೇಲೆ ಕೇರಳದ ಗಡಿಯೊಳಗಿನ ಅನಂತಪುರದ ಕೈಗಾರಿಕಾ ವಸಾಹತಿನ ಹತ್ತಿರ, ಒಂದು ಬಾಡಿಗೆ ಮಾಳಿಗೆಯಲ್ಲಿ, ಆಯುಧ ಮೂಲವರ್ಣ ನಿರ್ಣಯ ಉಪಕಾರ್ಯಾಲಯವು ಕಾರ್ಯ ನಿರ್ವಹಿಸುತ್ತಿದೆ.

ಸಾಲ್ವದೊರ್ ಬದಿಯಡ್ಕದಲ್ಲಿ ನನ್ನ ನೆರೆಯವನು, ಊರಿನವರು ಪೊರ್ಬುಗಳು ಎನ್ನುವ ಕೊಂಕಣಿ ಕ್ರೈಸ್ತರವನು. ಅಜ್ಜನಿಂದ ಬಂದ ಅವನ ರಿವಾಲ್ವರಿನ ಮೈ ಕಪ್ಪು. ಆದರೆ ಹಳೆಯ ಪರವಾನಿಗೆಯಲ್ಲಿ ಇಂಗ್ಲಿಷಿನವರು ಅದನ್ನು 'ಬ್ಲೂಡ್' ಎಂದು ಬರೆದಿದ್ದರು. ಉಕ್ಕಿಗೆ ಒಂದು ಬಗೆಯ ರಾಸಾಯನಿಕ ಪಾಕ ಕೊಟ್ಟು, ತುಕ್ಕು ಹಿಡಿಯದಂತೆ ಕಪ್ಪು ಮಾಡುವುದಕ್ಕೆ ಅವರು ಹಾಗೆ ಹೇಳುವುದಂತೆ. ಅದು ಮಲಯಾಳಕ್ಕೆ ಹೋಗುವಾಗ 'ನೀಲಂ ಮುಕ್ಕಿಯ' ಆಯಿತು. ಮಲಯಾಳದಲ್ಲಿ ಮುಕ್ಕುವುದೆಂದರೆ ಅದ್ದುವುದು. ಬಿಳಿ ಮುಂಡು ಒಗೆದು ನೀಲಿ ನೀರಿನಲ್ಲಿ ಅದ್ದುತ್ತಾರಲ್ಲ, ಅದೇ ಮಾತು. ಅಲ್ಲಿಂದ ಭಾಷಾ ಅಲ್ಪಸಂಖ್ಯಾತರ ಹಕ್ಕಿನ ಪ್ರಕಾರ ಕನ್ನಡಕ್ಕೆ ಇಳಿಯುವಾಗ 'ನೀಲಿ ಮುಕ್ಕಿದ' ಎಂದಾಯಿತು. ಕನ್ನಡದಲ್ಲಿ ಮುಕ್ಕುವುದೆಂದರೆ ಎಂತ ಎಂದು ಊಟಕ್ಕೆ ಕೂತವರಿಗೆಲ್ಲ ಗೊತ್ತು. ಹೀಗೆ ಸಾಲ್ವದೊರನ ರಿವಾಲ್ವರ್ ಎರಡು ಭಾಷೆ ದಾಟುವಷ್ಟರಲ್ಲಿ ನೀಲಿಯನ್ನು ಗಬಗಬ ತಿಂದು ಕೂತಿತ್ತು.

ಪರವಾನಿಗೆ ನವೀಕರಣಕ್ಕೆ ಹೋದ ದಿನ ಗುಮಾಸ್ತೆ ಸೌದಾಮಿನಿ ರಿವಾಲ್ವರನ್ನು ತಿರುಗಿಸಿ ಮುರುಗಿಸಿ ನೋಡಿದರು.

"ಇದು ಕಪ್ಪು ಉಂಟಲ್ಲ ಪೊರ್ಬುಗಳೇ. ನೀಲಿಯದ್ದು ಎಲ್ಲಿ?"

"ನನ್ನತ್ರ ಇರುವುದು ಇದೊಂದೇ ಮೇಡಂ."

"ಹಾಗಾದ್ರೆ ಕಷ್ಟ. ನೀಲಿಯದ್ದು ಕಾಣೆಯಾದದ್ದಕ್ಕೆ ಒಂದು ಕೇಸು. ಈ ಕಪ್ಪಿನದ್ದಕ್ಕೆ ಪರವಾನಿಗೆ ಇಲ್ಲ, ಅದಕ್ಕೊಂದು."

ಇದ್ದದ್ದಕ್ಕೆ ಒಂದು, ಇಲ್ಲದ್ದಕ್ಕೆ ಒಂದು. ಒಂದೇ ರಿವಾಲ್ವರಿನಲ್ಲಿ ಎರಡು ಸಲ ಜೈಲಿಗೆ ಹೋಗುವ ಯೋಗ ನಮ್ಮ ಕಡೆಯಲ್ಲಿ ಬೇರೆ ಯಾರಿಗೂ ಬಂದದ್ದಿಲ್ಲ.

ಆದರೆ ಉಪಕಾರ್ಯಾಲಯ ಅನ್ಯಾಯ ಮಾಡುವಂಥದ್ದಲ್ಲ. ಮೂಲ ಬಣ್ಣದ ನಿರ್ಣಯಕ್ಕೆ ಒಂದು ಸಮಿತಿ ಮಾಡಿದರು. ಅಧ್ಯಕ್ಷರು ಉಪಾಧಿಕಾರಿ ವಿಷ್ಣುಪ್ರಸಾದರು, ಕಾರ್ಯದರ್ಶಿ ಸೌದಾಮಿನಿ, ಲೋಹತಜ್ಞ ನಾನು. ನಾನು ಕೆಲಸ ಮಾಡಿದ್ದು ಟೆಲಿಫೋನ್ ಇಲಾಖೆಯಲ್ಲಾದರೂ ಬಿ.ಎಸ್ಸಿ.ಯಲ್ಲಿ ರಸಾಯನಶಾಸ್ತ್ರ ಕಲಿತವನು, ಸಾಲದ್ದಕ್ಕೆ ಆ ದಿನ ಸಾಲ್ವದೊರನ ಜೀಪಿನಲ್ಲಿ ಸುಮ್ಮನೆ ಜೊತೆಗೆ ಹೋಗಿದ್ದೆ.

ಸಾಲ್ವದೊರನ ಪರವಾಗಿ ಸಾಕ್ಷಿ ಹೇಳಿದ್ದು ಅವನ ಹೆಂಡತಿ ಜೋಸ್ಫಿನಳ ಅಣ್ಣನ ಮಗ ಕೀತ್. ಮಂಗಳೂರಿನಲ್ಲಿ ಹಳೆಯ ಆಯುಧ ಸಂಗ್ರಹಿಸುವವರಿಗೆ ಸಲಹೆ ಹೇಳುವುದೇ ಅವನ ಉದ್ಯೋಗ.

"ಸರ್, ಕಾರ್ಖಾನೆಯ ನೀಲಿ ಇದರಲ್ಲಿ ಈಗಲೂ ಉಂಟು. ಬೆಳಕಿಗೆ ಓರೆ ಹಿಡಿಯಿರಿ, ಕಪ್ಪಿನ ಒಳಗೆ ಕಾಣ್ತದೆ. ಹಿಡಿಯ ಮರದ ಪಟ್ಟಿ ಬಿಚ್ಚಿದ್ರೆ ಅಡಿಯಲ್ಲಿ ಇನ್ನೂ ದಟ್ಟ. ಈ ಅಕ್ಷರಗಳ ಅಂಚು ನೋಡಿ, ಎಷ್ಟು ಚೂಪು. ಯಾರಾದ್ರೂ ತಿಕ್ಕಿ ಹೊಸತು ಬಣ್ಣ ಕೊಟ್ಟಿದ್ರೆ ಇದು ಸವೆದುಹೋಗ್ತಿತ್ತು."

ಆಮೇಲೆ ಹಿಡಿಯ ಮೇಲ್ಗಡೆ ಕಪ್ಪು ಹೋಗಿ ಬೂದಿ ಬಣ್ಣಕ್ಕೆ ಬಂದಿದ್ದ ಒಂದು ಚಿಕ್ಕ ಜಾಗ ತೋರಿಸಿದ. "ಇಲ್ಲಿ ಮಾತ್ರ ಹೋಗಿದೆ. ಇದು ಅಂಕಲರ ಅಜ್ಜ ಹೆಬ್ಬೆರಳು ಇಡುತ್ತಿದ್ದ ಜಾಗ."

ಸಾಲ್ವದೊರ್ ಎದ್ದು ಬಂದು ಅಲ್ಲಿ ತನ್ನ ಹೆಬ್ಬೆರಳು ಇಟ್ಟು ನೋಡಿದ. ಸರಿಯಾಗಿ ಕೂತಿತು. ತೆಗೆಯಲು ಮನಸ್ಸಾಗದೆ ಸ್ವಲ್ಪ ಹೊತ್ತು ಹಾಗೆಯೇ ನಿಂತ.

"ಬೆರಳಚ್ಚಿಗೆ ಬೇರೆ ವಿಭಾಗ ಉಂಟು," ಎಂದರು ವಿಷ್ಣುಪ್ರಸಾದರು.

"ಕುದುರೆಯಲ್ಲಿಯೂ ಮೂಲ ಬಣ್ಣ ಉಂಟು ಸರ್," ಎಂದು ಕೀತ್ ಗುಂಡು ಹಾರಿಸಲು ಬೆರಳಿನಿಂದ ಎಳೆಯುವ ಕೊಕ್ಕೆಯನ್ನು ತೋರಿಸಿದ. ಸೌದಾಮಿನಿ 'ಕುದುರೆ' ಎಂದು ಬರೆದುಕೊಂಡ ಕಾರಣ ಸಾಕ್ಷ್ಯದ ಒಂದು ಪ್ರತಿ ಪಶುವೈದ್ಯರಿಗೂ ಹೋಯಿತು. ಕುದುರೆಯನ್ನು ಹಾಜರುಪಡಿಸದೆ ಇರುವುದರಿಂದ ಅದು ಆರೋಗ್ಯವಾಗಿದೆಯೆಂದು ಭಾವಿಸಬಹುದು ಎಂಬ ಉತ್ತರ ಬಂತು. ಇಷ್ಟು ಚುರುಕಾಗಿ ಉತ್ತರ ಬಂದದ್ದಕ್ಕೆ ಸಮಿತಿ ಸಂತೋಷ ವ್ಯಕ್ತಪಡಿಸಿತು.

ನಂತರ ವಿಷ್ಣುಪ್ರಸಾದರು ನನ್ನ ಕಡೆಗೆ ತಿರುಗಿದರು. "ಭಟ್ರೇ, ನೀವು ತಜ್ಞರು. ನೀಲಿ ಮುಕ್ಕುವುದು ಎಂತದಕ್ಕೆ?"

"ಬಿಳಿ ಮುಂಡಿಗೆ."

"ಕಪ್ಪು ಕೊಡೆಗೆ ಯಾರಾದ್ರೂ ಮುಕ್ಕಿದ್ದುಂಟೋ?"

"ನಾನು ಕಂಡದ್ದಿಲ್ಲ."

"ಅಂದ ಮೇಲೆ ಇದು ಮೂಲದಲ್ಲಿ ಬಿಳಿ. ಈ ಕಪ್ಪೆಲ್ಲ ಕೊಳೆ."

ಇಷ್ಟು ಸ್ವಚ್ಛವಾದ ತರ್ಕವನ್ನು ನಾನು ಕಾಲೇಜಿನಲ್ಲಿಯೂ ಕೇಳಿದವನಲ್ಲ.

"ತಿಕ್ಕಿದ್ರೆ ಮೂಲ ಬಣ್ಣವೇ ಹೋಗ್ತದೆ ಸರ್," ಎಂದ ಕೀತ್.

"ಮೂಲ ಬಣ್ಣ ಯಾವುದು ಎಂದು ಹೇಳುವ ಅಧಿಕಾರ ಸಮಿತಿಗೆ ಮಾತ್ರ," ಎಂದರು ಸೌದಾಮಿನಿ, ಬರೆಯುತ್ತಿದ್ದಂತೆಯೇ.

ಆದೇಶ ಹೀಗಿತ್ತು: "ಪರವಾನಿಗೆದಾರನು ಸದರಿ ರಿವಾಲ್ವರನ್ನು ಮನೆಯಲ್ಲಿ ರೂಢಿಯಲ್ಲಿರುವ ಕ್ರಮದಿಂದ ಬೆಳ್ಳಗಾಗುವವರೆಗೆ ತೊಳೆದು, ತದನಂತರ ಉಪಕಾರ್ಯಾಲಯದ ಮೊಹರುಳ್ಳ ನೀಲಿಯಲ್ಲಿ ಅದ್ದಿ, ಹಿಂಡದೆ, ನೆರಳಿನಲ್ಲಿ ಒಣಗಿಸಿ ಹಾಜರುಪಡಿಸತಕ್ಕದ್ದು." ಮೊಹರುಳ್ಳ ನೀಲಿ ಸಿಗುವುದು ಕಚೇರಿಯ ಕೆಳಗಿನ ಅಂಗಡಿಯಲ್ಲಿ ಮಾತ್ರ. ಅಂಗಡಿ ವಿಷ್ಣುಪ್ರಸಾದರ ಭಾವ ಗಣೇಶಪ್ರಸಾದನದ್ದು. ಸಾರ್ವಜನಿಕರಿಗೆ ಅಲೆದಾಟ ತಪ್ಪಲಿ ಎಂಬ ಕಾಳಜಿ ಇಲ್ಲದಿದ್ದರೆ ಯಾರು ಅಷ್ಟು ಹತ್ತಿರ ಅಂಗಡಿ ಇಡುತ್ತಾರೆ, ಹೇಳಿ.

ಮನೆಗೆ ಬಂದ ಸಾಲ್ವದೊರ್ ರಿವಾಲ್ವರನ್ನು ಮಡಿಲಲ್ಲಿ ಇಟ್ಟುಕೊಂಡು ಜಗಲಿಯಲ್ಲಿ ಕೂತ. "ಜೈಲಿಗೆ ಹೋಗ್ತೇನೆ. ಅಜ್ಜನದ್ದನ್ನು ತಿಕ್ಕುವುದಿಲ್ಲ."

"ನೀವು ಜೈಲಿಗೆ ಹೋದ್ರೆ ಕೋವಿ ಅವರಲ್ಲಿಯೇ ಬಾಕಿ. ತಿಕ್ಕಿದ್ರೆ ಎರಡೂ ಮನೆಯಲ್ಲಿರ್ತವೆ. ಕೊಡಿ ಇಲ್ಲಿ," ಎಂದಳು ಜೋಸ್ಫಿನ್. ಅವಳು ಹೇಳಿದ್ದು ಕೊಂಕಣಿಯಲ್ಲಿ. ನನ್ನ ಅನುವಾದದಲ್ಲಿ ತಪ್ಪಿದ್ದರೆ ಅದು ನಮ್ಮ ಊರಿನ ಕ್ರಮ.

ಹುಣಸೆಹುಳಿ, ಬೂದಿ, ತೆಂಗಿನ ನಾರು. ಹುಳಿಯ ಆಮ್ಲ ಲೋಹದ ಮೇಲೆ ಹೇಗೆ ಕೆಲಸ ಮಾಡುತ್ತದೆ ಎಂದು ನಾನು ಪಕ್ಕದಲ್ಲಿ ನಿಂತು ವಿವರಿಸುತ್ತಿದ್ದೆ. ಜೋಸ್ಫಿನ್ ನನ್ನ ಕೈಗೂ ಒಂದು ಹಿಡಿ ನಾರು ಕೊಟ್ಟ ಮೇಲೆ ವಿವರಣೆ ಸ್ವಲ್ಪ ಕಡಿಮೆಯಾಯಿತು. ಊಟದ ಹೊತ್ತಿಗೆ ರಿವಾಲ್ವರ್ ಇಗರ್ಜಿಯ ಬೆಳ್ಳಿ ದೀಪದ ಹಾಗೆ ಹೊಳೆಯಿತು. ಅಕ್ಷರಗಳ ಅಂಚು ಕೂಡ ಮೆತ್ತಗಾಗಿತ್ತು.

"ಅಜ್ಜನ ಹೆಬ್ಬೆರಳಿನ ಜಾಗ ಎಲ್ಲಿ ಮಾರಾಯ?" ಎಂದು ಕೇಳಿದೆ.

ಸಾಲ್ವದೊರ್ ತಿರುಗಿಸಿ ನೋಡಿದ. "ಈಗ ಎಲ್ಲ ಕಡೆಯೂ ಉಂಟು ಭಟ್ರೇ," ಎಂದ.

ವಿಚಾರಣೆಯ ದಿನ ಉಪಕಾರ್ಯಾಲಯದಲ್ಲಿ ಎಲ್ಲರೂ ಗರಿಗರಿ ಬಿಳಿ ಬಟ್ಟೆಯಲ್ಲಿದ್ದರು. ಆಡಳಿತ ಭಾಷೆಯ ಪ್ರತಿಜ್ಞೆ ಸ್ವೀಕರಿಸುವ ದಿನ. ಆಕಾಶನೀಲಿಯಾಗಿದ್ದ ರಿವಾಲ್ವರನ್ನು ಸಾಲ್ವದೊರ್ ಬಾಳೆಎಲೆಯಲ್ಲಿ ಇಟ್ಟು ತಂದಿದ್ದ. ವಿಷ್ಣುಪ್ರಸಾದರು ಅದನ್ನೆತ್ತಿ ಪರೀಕ್ಷಿಸಿ, ಮಡಿಲಲ್ಲಿ ಇಟ್ಟುಕೊಂಡು ಪರವಾನಿಗೆ ಓದಿದರು. ಪುನಃ ಎತ್ತುವಾಗ ಅವರ ಬಿಳಿ ಮುಂಡಿನ ಮೇಲೆ ಇನ್ನೊಂದು ರಿವಾಲ್ವರ್ ನೀಲಿಯಾಗಿ ಮೂಡಿತ್ತು. ನಳಿಗೆ, ಹಿಡಿ, ಕುದುರೆ ಸಹಿತ.

ಸಾಲ್ವದೊರ್ ಮೆಲ್ಲನೆ ಬಾಗಿಲಿನ ಕಡೆ ನೋಡಿದ.

"ನೀಲಿ ಬಿಡುತ್ತದೆ," ಎಂದರು ವಿಷ್ಣುಪ್ರಸಾದರು ಮುಂಡನ್ನು ಬಿಡಿಸಿ ನೋಡುತ್ತಾ. "ಇಲ್ಲದ್ದನ್ನು ಬಿಡಲಿಕ್ಕೆ ಆಗುವುದಿಲ್ಲ. ಆದ್ದರಿಂದ ನೀಲಿ ಇತ್ತು. ಸಾಬೀತಾಯಿತು."

ಮುಂಡು ಸಾಕ್ಷ್ಯವಾದ ಕಾರಣ ಅದನ್ನು ಅಲ್ಲಿಯೇ ಕಡತಕ್ಕೆ ಸೇರಿಸಲಾಯಿತು. ಉಪಾಧಿಕಾರಿಗಳು ಕಚೇರಿಯ ಹಸಿರು ಮೇಜುಬಟ್ಟೆ ಉಟ್ಟು, ಎಲ್ಲರ ಮುಂದೆ ನಿಂತು, ಆಡಳಿತದಲ್ಲಿ ಜನರಿಗೆ ಅರ್ಥವಾಗುವ ಭಾಷೆಯನ್ನೇ ಬಳಸುವ ಪ್ರತಿಜ್ಞೆ ಬೋಧಿಸಿದರು. ನಾವೆಲ್ಲ ಕೈ ಮುಂದೆ ಮಾಡಿ ಹೇಳಿದೆವು. ಸಾಲ್ವದೊರನ ಕೈ ಮೊಣಕೈಯವರೆಗೆ ನೀಲಿ ಇತ್ತು.

ಸದರಿ ರಿವಾಲ್ವರ್ ತನ್ನ ಮೂಲ ಬಣ್ಣದಲ್ಲಿಯೇ ಇದೆ, ಈವರೆಗೆ ಯಾರೂ ಅದರ ಬಣ್ಣಕ್ಕೆ ಕೈ ಹಚ್ಚಿಲ್ಲ ಎಂಬ ಪ್ರಮಾಣಪತ್ರ ಅವನಿಗೆ ಸಿಕ್ಕಿತು. ಲೋಹತಜ್ಞನ ಸಹಿ ನನ್ನದು. ಎರಡು ಕೇಸೂ ಬಿದ್ದುಹೋದವು. ಈಗ ದೂರದ ಬಾಯಾರು ಊರಿನಿಂದ ಸಹ ಕೋವಿಯವರು ಹುಳಿ ತಿಕ್ಕುವ ಹದ ಕೇಳಲು ಜೋಸ್ಫಿನಳ ಹತ್ತಿರ ಬರುತ್ತಾರೆ, ಗಣೇಶಪ್ರಸಾದ ಇನ್ನೊಂದು ಅಂಗಡಿ ತೆರೆದಿದ್ದಾನೆ, ಮತ್ತು ಸಾಲ್ವದೊರ್ ಸಂಜೆ ಜಗಲಿಯಲ್ಲಿ ಕೂತು ರಿವಾಲ್ವರಿನ ಮೇಲೆ ಹೆಬ್ಬೆರಳು ಇಟ್ಟು, ತೆಗೆದು, ನೀಲಿಯಾದ ಬೆರಳನ್ನು ನೋಡಿಕೊಳ್ಳುತ್ತಾನೆ. ಅಜ್ಜನ ಕೋವಿ ಮನೆಯಲ್ಲೇ ಉಂಟಲ್ಲ, ಅದು ದೊಡ್ಡದು.

ಆ ಪ್ರತಿಜ್ಞೆಯ ದಿನ ಯಾವುದೆಂದು ಕೇಳಿದಿರೋ? ಎರಡು ಸಾವಿರದ ಇಪ್ಪತ್ತಮೂರನೇ ಇಸವಿ. ನಮಗೆ ಕೇರಳ ಪಿರವಿ, ಎಂದರೆ ರಾಜ್ಯದ ಹುಟ್ಟುಹಬ್ಬ, ಗಡಿಯ ತಲಪಾಡಿಯಿಂದ ಆಚೆಯವರಿಗೆ ಕನ್ನಡ ರಾಜ್ಯೋತ್ಸವ. ನವೆಂಬರ್ ಒಂದು, ಬುಧವಾರ.