ದಬ್, ನಾಮಾ, ಮಹಾ

ಅರಬಿ ಬಾರದವನು ಬರ್ತದೆ ಅಂದರೆ ಏನೇನಾಗುತ್ತದೆ ಎಂದು ನನ್ನನ್ನು ಕೇಳಬೇಕು. ವಾರಕ್ಕೊಂದು ಆಗುತ್ತಲೇ ಇರುತ್ತದೆ. ಸೌದಿಯ ತಾಯಿಫ್ ಆಚೆ, ಬರೀ ಕುರುಚಲು ಗಿಡಗಳ ವನ್ಯಧಾಮದಲ್ಲಿ ನಾನು ವ್ಯಾನ್ ಡ್ರೈವರ್. ಸೇರುವಾಗ "ಅರಬಿ ಬರ್ತದಾ?" ಅಂದರು. "ಫುಲ್" ಅಂದೆ. ನಮಾಜಿನದ್ದು ಬಿಟ್ಟರೆ ಬರುತ್ತಿದ್ದದ್ದು 'ಯಲ್ಲಾ', ಅಂದರೆ 'ನಡಿ', ಅದೊಂದೇ. ಊರಿನವರು ನೋಡಲು ಬಂದಾಗ ಸೌದಿ ಗಾರ್ಡ್ ಹೇಳಿದ್ದನ್ನು ಕನ್ನಡ ಮಾಡುವುದೂ ನನಗೇ ಗಂಟುಬಿತ್ತು. ಗುಟ್ಟು ರಟ್ಟಾದರೆ ಕೆಲಸ ಹೋದ ಹಾಗೆಯೇ.

1. ದಬ್

ಮೊದಲ ಟ್ರಿಪ್. ಪಕ್ಕ ಕೂತ ಗಾರ್ಡ್ ಮುಂದಕ್ಕೆ ಕೈ ತೋರಿಸಿ "ದಬ್, ದಬ್" ಅಂದ. ಹಿಂದಿನ ಸೀಟಿನಿಂದ ಮಂಗಳೂರಿನ ಅಜ್ಜಿಯೊಬ್ಬರು, "ಯಾರು ಮಗಾ ಬಿದ್ದದ್ದು?" ಎಂದು ಕೇಳಿದರು. ನನಗೂ ಅದೇ ಅನುಮಾನ. ವ್ಯಾನ್ ನಿಲ್ಲಿಸಿ ಇಳಿದರೆ ಕಾಲಬುಡದಲ್ಲೇ ಮುಳ್ಳುಬಾಲದ, ಮೊಳದುದ್ದದ ಹಲ್ಲಿ. ಹೆದರಿ ಹಿಂದಕ್ಕೆ ಹಾರಿ ಬಿದ್ದೆ. ಗಾರ್ಡ್ ಹಲ್ಲಿಯನ್ನು ತೋರಿಸಿ ಮತ್ತೆ "ದಬ್" ಅಂದ.

ಅಜ್ಜಿ ನನ್ನನ್ನು ತೋರಿಸಿ, "ಹೌದೌದು, ನಾವೂ ನೋಡಿದೆವು" ಅಂದರು.

2. ನಾಮಾ

ಉಡುಪಿಯ ಗಂಡ ಹೆಂಡತಿ. ಒಂದು ಗಂಟೆ ಸುತ್ತಿದರೂ ಒಂದು ನೊಣವೂ ಕಾಣಲಿಲ್ಲ. ಆಗ ಗಾರ್ಡ್ ಮೆಲ್ಲಗೆ "ನಾಮಾ" ಅಂದ.

"ನೋಡಿ, ಅವನೇ ಒಪ್ಪಿಕೊಂಡ, ನಮಗೆ ಹಾಕಿದ್ದು ನಾಮ ಅಂತ. ವಾಪಸ್ ಹೋಗುವ," ಅಂದರು ಹೆಂಡತಿ.

ವ್ಯಾನ್ ತಿರುಗಿಸಿದೆ. ಹಿಂದೆ ಎರಡು ಉಷ್ಟ್ರಪಕ್ಷಿಗಳು ಓಡುತ್ತಿದ್ದದ್ದು ಕನ್ನಡಿಯಲ್ಲಿ ಕಂಡಿತು. ಅರಬಿಯಲ್ಲಿ ಅವುಗಳ ಹೆಸರೇ ನಾಮಾ ಎಂದು ಆಗ ಹೊಳೆಯಿತು. ಅದನ್ನು ಬಾಯಿಬಿಟ್ಟು ಹೇಳುವ ಧೈರ್ಯ ನನಗೆ ಬರಲಿಲ್ಲ.

3. ಮಹಾ

ಹೊಸದಾಗಿ ಬಂದ ಸೌದಿ ಮುದೀರ್, ಅಂದರೆ ಮ್ಯಾನೇಜರ್, ಒಂದು ದಿನ ವ್ಯಾನ್ ಹತ್ತಿ ನನ್ನ ಪಕ್ಕ ಕೂತರು. ಹಿಂದೆ ಜಿದ್ದಾದಿಂದ ಬಂದ ನಮ್ಮೂರಿನ ಹತ್ತು ಜನ. ದೂರದಲ್ಲಿ ಉದ್ದ ಕೊಂಬಿನ ಬಿಳಿ ಜಿಂಕೆಗಳು. "ಮಹಾ," ಅಂದರು ಮುದೀರ್. ಆ ಹೆಸರು ಅಷ್ಟರಲ್ಲಿ ನನಗೆ ಗೊತ್ತಿತ್ತು. ಆದರೆ ಅವರು ಅಲ್ಲಿಗೆ ನಿಲ್ಲಿಸದೆ ಐದು ನಿಮಿಷ ಅರಬಿಯಲ್ಲಿ ವಿವರಿಸಿ, ಇನ್ನು ನೀನು ಹೇಳು ಎಂದು ಸನ್ನೆ ಮಾಡಿದರು.

ಗಂಭೀರವಾಗಿ ಕನ್ನಡದಲ್ಲಿ ಶುರುಮಾಡಿದೆ: "ಮಹಾ! ಇವರು ಹೇಳಿದ್ದು ಒಂದಕ್ಷರ ನನ್ನ ತಲೆಗೆ ಹೋಗ್ಲಿಲ್ಲ. ಮಹಾ, ನೀವೆಲ್ಲ ತಲೆ ಆಡಿಸಿ. ಕೊನೆಗೆ ಚಪ್ಪಾಳೆ ತಟ್ಟಿ, ಇಲ್ಲದಿದ್ರೆ ನನ್ನ ಕೆಲಸ ಹೋಗ್ತದೆ. ಮಹಾ."

ಪುಣ್ಯಾತ್ಮರು ತಟ್ಟಿದರು. ಮುದೀರ್ ಕೂಡ ತಟ್ಟಿದರು. ಆಮೇಲೆ ಕನ್ನಡದಲ್ಲೇ, "ನಾನು ಮಂಗಳೂರಿನಲ್ಲಿ ನಾಲ್ಕು ವರ್ಷ ಓದಿದ್ದು ಮಾರಾಯ. ಇನ್ನು ಮಾತಾಡುವುದು ನಾನೇ. ನೀನು ಗಾಡಿ ಬಿಡು," ಅಂದರು.

ಬಿಡು ಅಂದ ಮೇಲೆ ಇನ್ನೇನು. ಕೀ ಅವರ ಕೈಗಿಟ್ಟು, ಎಲ್ಲರಿಗೂ ಸಲಾಂ ಹೇಳಿ, ಕೆಳಗಿಳಿದು ಮರಳಿನಲ್ಲಿ ನಡೆಯತೊಡಗಿದೆ.

ಮುದೀರ್ ಕಿಟಕಿಯಿಂದ ತಲೆ ಹೊರಹಾಕಿದರು. "ಎಲ್ಲಿಗೆ ಮಾರಾಯ? ಗಾಡಿ ಬಿಡು ಅಂದ್ರೆ ಓಡಿಸು ಅಂತ. ನಿನಗೆ ಕನ್ನಡವೂ ಬರುವುದಿಲ್ವಾ?"