ಹಿತ್ತಲಿನ ಗಣಿ ಪಟ್ಟಣ

ಊರನ್ನು ಹೊಗಳುವ ವಿದ್ಯೆ ನಮ್ಮ ಕಡೆಯವರಿಗೆ ಒಲಿದಿಲ್ಲ. ಬೇರೆ ಊರಿನವರು ಒಂದು ಬಂಡೆ ಕಂಡರೆ ಅದರ ಮೇಲೆ ಪಾಂಡವರನ್ನು ಕೂರಿಸುತ್ತಾರೆ, ಒಂದು ಹೊಂಡ ಕಂಡರೆ ಸೀತೆಯನ್ನು ಸ್ನಾನಕ್ಕೆ ಇಳಿಸುತ್ತಾರೆ. ನಾವೋ, ಸಾವಿರ ಕಂಬದ ಬಸದಿಯನ್ನು ಪಕ್ಕದಲ್ಲೇ ಇಟ್ಟುಕೊಂಡು, ಬಂದವರು ನೋಡುವಂಥದ್ದೇನಿದೆ ಎಂದು ಕೇಳಿದರೆ 'ಇಲ್ಲಿ ಎಂಥ ಉಂಟು ಸರ್, ಎಂಥದ್ದೂ ಇಲ್ಲ' ಎಂದುಬಿಡುತ್ತೇವೆ. ಇದು ವಿನಯವೋ ಸೋಮಾರಿತನವೋ ನನಗೆ ಇಂದಿಗೂ ಗೊತ್ತಾಗಿಲ್ಲ. ನಮ್ಮ ಯಜಮಾನರಲ್ಲಂತೂ ಎರಡೂ ಧಾರಾಳವಾಗಿವೆ. ಬಂದ ಅತಿಥಿಗೆ ಕುರ್ಚಿ ಎಳೆದು ಕೊಡುತ್ತಾರೆ, ಬೆಲ್ಲ ನೀರು ಕೊಡುತ್ತಾರೆ, ಆಮೇಲೆ ಬಾಯಿ ತೆರೆದು ನನ್ನ ವ್ಯಾಪಾರಕ್ಕೆ ಮಣ್ಣು ಹಾಕುತ್ತಾರೆ.

ವ್ಯಾಪಾರವೆಂದರೆ ದೊಡ್ಡದೇನಲ್ಲ. ಬಂಟ್ವಾಳದಿಂದ ಮೂಡುಬಿದಿರೆಗೆ ಹೋಗುವಾಗ ಸಿದ್ಧಕಟ್ಟೆ ದಾಟಿ ಸ್ವಲ್ಪ ಒಳಗೆ ಬಂದರೆ ನಮ್ಮ ರಬ್ಬರು, ಗೇರು, ನಾಲ್ಕು ತೆಂಗು. ದನಗಳನ್ನು ಕೊಟ್ಟ ಮೇಲೆ ಹಟ್ಟಿ ಖಾಲಿ ಬಿದ್ದಿತ್ತು. ಅದನ್ನು ರಬ್ಬರ್ ಶೀಟಿಗೆ ಹೊಗೆ ಕೊಡುವ ಗೂಡು ಮಾಡಬೇಕೆಂದು ಅವರು, ಎರಡು ಕೋಣೆ ಮಾಡಿ ಪ್ರವಾಸಿಗರನ್ನು ಇಳಿಸಿಕೊಳ್ಳಬೇಕೆಂದು ನಾನು. ಹಠದಲ್ಲಿ ನನ್ನ ತವರಿನವರನ್ನು ಮೀರಿಸಿದವರಿಲ್ಲ, ಹಾಗಾಗಿ ಕೋಣೆಗಳಾದವು. ಆದರೆ ಸೋತವರು ಒಂದು ಷರತ್ತು ಹಾಕಿದರು. ಮಳೆಗಾಲ ಹಿಡಿಯುವುದರೊಳಗೆ ಒಂದೇ ಒಂದು ಕುಟುಂಬವಾದರೂ ಎರಡು ರಾತ್ರಿ ನಿಂತು ಹೋದರೆ ಕೋಣೆ ನನ್ನದು. ಇಲ್ಲವಾದರೆ ಹಾಸಿಗೆ ತೆಗೆದು ಹೊಗೆ ಹಾಕುವುದು. ನಾನು ಜಂಬದಿಂದ ಒಪ್ಪಿದೆ.

ಜಂಬ ಇಳಿಯಲು ಹೆಚ್ಚು ಕಾಲ ಬೇಕಾಗಲಿಲ್ಲ. ಬಂದವರೆಲ್ಲ ಒಂದು ರಾತ್ರಿ ಮಲಗಿ, ಬೆಳಿಗ್ಗೆ ನೀರ್ದೋಸೆ ತಿಂದು, ಕಡಲು ಹುಡುಕಿಕೊಂಡು ಹೋಗುವವರೇ. ತಪ್ಪು ನನ್ನ ಬೋರ್ಡಿನದು ಎನ್ನಬಹುದು, ಅದರಲ್ಲಿ 'ಕರಾವಳಿ ಫಾರ್ಮ್ ಸ್ಟೇ' ಎಂದು ಬರೆಸಿದ್ದೆ. ಘಟ್ಟದ ಮೇಲಿನವರಿಗೆ ಚಾರ್ಮಾಡಿ ಇಳಿದು ಕಕ್ಕಿಂಜೆ ಮುಟ್ಟಿದ ಕೂಡಲೇ ಸಮುದ್ರದ ಗಾಳಿ ಬೀಸುತ್ತದಂತೆ. ದಾವಣಗೆರೆಯ ಒಂದು ಸಂಸಾರದ ಮಕ್ಕಳು ಸೊಂಟಕ್ಕೆ ಗಾಳಿ ತುಂಬಿದ ಟ್ಯೂಬು ಸಿಕ್ಕಿಸಿಕೊಂಡೇ ಅಂಗಳಕ್ಕೆ ಇಳಿದವು. ನಮ್ಮ ಯಜಮಾನರು ಗಂಭೀರವಾಗಿ ಬಾವಿ ತೋರಿಸಿದರು.

ಆಗ ನನ್ನ ನೆರವಿಗೆ ಬಂದವಳು ಅಕ್ಕನ ಮಗಳು ರಶ್ಮಿ. ಮೂಡುಬಿದಿರೆಯಲ್ಲಿ ಕಾಲೇಜು ಓದುವವಳು, ಮೊಬೈಲಿನಲ್ಲಿ ಆಗದ ಕೆಲಸವಿಲ್ಲ ಎಂದು ನಂಬಿದವಳು. ನಮ್ಮ ಕೋಣೆಗಳನ್ನು ಇಂಟರ್ನೆಟ್ಟಿಗೆ ಹಾಕುತ್ತ, ಹತ್ತಿರ ನೋಡುವಂಥದ್ದು ಎಂಥ ಉಂಟು ಚಿಕ್ಕಮ್ಮ ಎಂದು ಕೇಳಿದಳು. ಬಸದಿ ಎಂದೆ, ನೇತ್ರಾವತಿ ಎಂದೆ. ಅದನ್ನು ಎಲ್ಲರೂ ಬರೆಯುತ್ತಾರಂತೆ, ಹೊಸತು ಬೇಕಂತೆ. ಕಿಟಕಿಯಿಂದ ಹೊರಗೆ ನೋಡಿದೆ. ಕಂಡದ್ದು ಹಿತ್ತಲಿನ ಹಳೆಯ ಕಲ್ಲಿನ ಕೋರೆ. ನಮ್ಮ ಮಾವನವರ ಅಪ್ಪನ ಕಾಲದಲ್ಲಿ ಕೆಂಪು ಮುರಕಲ್ಲು ಕಡಿದು ಕಡಿದು ಆದ ದೊಡ್ಡ ಗುಂಡಿ. ಈಗ ಅದರಲ್ಲಿ ತೆಂಗಿನ ಸಿಪ್ಪೆಯೂ ನಮ್ಮ ಹಳೆಯ ಟೀವಿಯೂ ಬಿದ್ದಿದ್ದವು. ಹಳೆಯ ಗಣಿ ಉಂಟೆಂದು ಬರೆ ಎಂದೆ. ಹುಡುಗಿ ಚಿಕ್ಕಮ್ಮನ ಮೇಲಿನ ಪ್ರೀತಿಯಿಂದ ಸ್ವಲ್ಪ ಒಗ್ಗರಣೆ ಹಾಕಿ 'ಐತಿಹಾಸಿಕ ಗಣಿ ಪಟ್ಟಣಕ್ಕೆ ನಡೆದೇ ಹೋಗಬಹುದು' ಎಂದು ಬರೆದಳು. ಓದಿ ನನಗೆ ಖುಷಿಯೇ ಆಯಿತು. ಸುಳ್ಳು ಹೇಳಿದವರು ನಾವಲ್ಲ, ಮೊಬೈಲು ಎಂಬ ಧೈರ್ಯ.

ಆ ಧೈರ್ಯ ಮುನಿಸ್ವಾಮಿಯವರು ಕಾರಿನಿಂದ ಇಳಿಯುವವರೆಗೆ ಇತ್ತು. ಕೋಲಾರದ ಕಡೆಯ ಹಿರಿಯರು, ಜೊತೆಗೆ ಹೆಂಡತಿ. ಕಾಲಿಗೆ ದಪ್ಪ ಬೂಟು, ಕೈಯಲ್ಲಿ ಟಾರ್ಚು. ವಯಸ್ಸೆಲ್ಲ ಚಿನ್ನದ ಗಣಿಯ ಒಳಗೆ ಕಳೆದವರಂತೆ. ಈಗ ಊರೂರಿನ ಗಣಿ ನೋಡುವುದೇ ಹವ್ಯಾಸವಂತೆ. ಇಡೀ ಕರ್ನಾಟಕದಲ್ಲಿ ಬೇರೆ ಯಾರೂ ಸಿಗಲಿಲ್ಲವೇ ದೇವರೇ! ಆ ದಿನ ಕತ್ತಲಾಯಿತೆಂದು ತಪ್ಪಿಸಿಕೊಂಡೆ. ಬೆಳಿಗ್ಗೆ ಆರನೆಯ ನೀರ್ದೋಸೆಗೂ ಅವರ ಗಮನ ಗಣಿಯಿಂದ ಕದಲಲಿಲ್ಲ. ಗಣಿ ಎಲ್ಲಿ ಎಂದು ಅವರು ಕೇಳಿದ್ದೇ ತಡ, ನನಗಿಂತ ಮೊದಲು ನಮ್ಮ ಹರಿಶ್ಚಂದ್ರರು ಉತ್ತರ ಕೊಟ್ಟರು.

"ಗಣಿ ಎಂಥದ್ದು ಸರ್, ಅದು ಕಲ್ಲಿನ ಕೋರೆ. ಪಟ್ಟಣ ಗಿಟ್ಟಣ ಎಂಥದ್ದೂ ಇಲ್ಲ."

ಮುನಿಸ್ವಾಮಿಯವರ ಮುಖ ಬಾಡಿತು. ಅವರ ಹೆಂಡತಿ ಸದ್ದಿಲ್ಲದೆ ಬ್ಯಾಗಿನ ಕಡೆ ನೋಡಿದರು. ನನ್ನ ಮೂಗಿಗೆ ಆಗಲೇ ರಬ್ಬರ್ ಹೊಗೆ ಬಡಿದಂತಾಯಿತು. ಸಿಟ್ಟೂ ಬಂತು, ಅಳುವೂ ಬಂತು. ನನಗೆ ಇವೆರಡೂ ಒಟ್ಟಿಗೆ ಬಂದರೆ ಮಾತು ತಾನಾಗಿಯೇ ಹೊರಡುತ್ತದೆ. ನೀವು ನಿನ್ನೆಯಿಂದ ಮಲಗಿದ್ದೇ ಗಣಿ ಪಟ್ಟಣದಲ್ಲಿ ಸರ್ ಎಂದು ಅವರನ್ನು ಕೋಣೆಯ ಗೋಡೆಯ ಹತ್ತಿರ ಕರೆದುಕೊಂಡು ಹೋದೆ. ಆ ಗೋಡೆಗೆ ಸಿಮೆಂಟಿನ ಗಿಲಾಯಿ ಇಲ್ಲ. ಮೇಸ್ತ್ರಿ ನಾಳೆ ಬರುತ್ತೇನೆ ಎಂದು ಹೋದವನು ಬಂದೇ ಇರಲಿಲ್ಲ. ಕಲ್ಲಿನ ಮೇಲೆ ಪಿಕ್ಕಾಸಿನ ಗೀರುಗಳು ಸಾಲಾಗಿ ಕಾಣುತ್ತವೆ. ನಮ್ಮಲ್ಲಿ ಮನೆ ಕೆಡವಿದರೂ ಕಲ್ಲು ಬಿಸಾಡುವ ಕ್ರಮವಿಲ್ಲ. ಹಿತ್ತಲಿನ ಗುಂಡಿಯಿಂದ ಎದ್ದ ಈ ಕಲ್ಲು ಮೊದಲು ಅಜ್ಜನ ಕಾಲದ ಮನೆಯಲ್ಲಿತ್ತು, ಆಮೇಲೆ ಹಟ್ಟಿಗೆ ಬಂತು, ಈಗ ನಿಮ್ಮ ತಲೆದಿಂಬಿನ ಹಿಂದೆ ಉಂಟು ಎಂದೆ. ಅದೇ ಗುಂಡಿಯ ಕಲ್ಲಿನಿಂದಲೇ ನಮ್ಮ ಬಾವಿಕಟ್ಟೆ, ಊರಿನ ಶಾಲೆ, ಆಚೆ ಮನೆಯ ಪಾಗಾರದ ಗೋಡೆ ಎಲ್ಲ ಎದ್ದದ್ದು ಎಂದೆ. ಇಷ್ಟನ್ನೂ ನಾನು ಮದುವೆಯಾಗಿ ಬಂದಂದಿನಿಂದ ಅತ್ತೆಯ ಬಾಯಲ್ಲಿ ಕೇಳಿ ಕೇಳಿ ಬೇಸತ್ತಿದ್ದೆ. ಅತ್ತೆ ಹೇಳಿದ ಒಂದು ಮಾತು ನನ್ನ ಉಪಯೋಗಕ್ಕೆ ಬಂದದ್ದು ಅದೇ ಮೊದಲು.

ಹಿರಿಯರು ಗೋಡೆಯ ಮೇಲೆ ಕೈಯಿಟ್ಟು ಗೀರುಗಳನ್ನು ಸವರಿದರು. ಆಮೇಲೆ ಗುಂಡಿ ತೋರಿಸಿ ಎಂದರು. ಸಿಪ್ಪೆಯ ರಾಶಿ, ಟೀವಿ ಯಾವುದನ್ನೂ ಲೆಕ್ಕಿಸದೆ ಇಳಿದರು. ಅಲ್ಲಿ ಕಡಿದು ಬಿಟ್ಟ ಗೋಡೆಯಲ್ಲೂ ಅವೇ ಗೀರುಗಳು. ಒಂದೊಂದನ್ನೂ ಬೆರಳಿನಿಂದ ಮುಟ್ಟಿ ನೋಡಿದರು.

"ನಾವೂ ವಯಸ್ಸೆಲ್ಲ ಅಗೆದ್ವಿ ಕಣಮ್ಮ," ಎಂದರು. "ಅಗೆದಿದ್ದೆಲ್ಲ ಎಲ್ಲೆಲ್ಲಿಗೋ ಹೋಯ್ತು. ನಮ್ಮ ಮನೇಲಿ ಒಂದು ಗುಂಜಿ ಚಿನ್ನ ಇಲ್ಲ. ನೀವು ಅಗೆದಿದ್ದು ನಿಮ್ಮೂರಲ್ಲೇ ನಿಂತಿದೆ. ಇಂಥ ಗಣಿ ನಾನು ನೋಡಿರ್ಲಿಲ್ಲ."

ನನ್ನ ಕಣ್ಣು ತುಂಬಿತು. ಗೆದ್ದೆನೆಂಬ ಸಂತೋಷಕ್ಕೋ, ಅವರ ಮಾತಿಗೋ, ಎರಡಕ್ಕೂ ಇರಬೇಕು. ಮೇಲೆ ದಡದಲ್ಲಿ ನಿಂತಿದ್ದ ನಮ್ಮ ಯಜಮಾನರು ತಮ್ಮ ಗುಂಡಿಯನ್ನು ಮೊದಲ ಸಲ ನೋಡುವವರ ಹಾಗೆ ಬಗ್ಗಿ ನೋಡುತ್ತಿದ್ದರು.

ಆ ದಿನ ಮುನಿಸ್ವಾಮಿಯವರು ಊರಿನ ಗೋಡೆ ಗೋಡೆಯನ್ನೂ ಮುಟ್ಟಿ ಬಂದರು. ಸುದ್ದಿ ಅವರಿಗಿಂತ ಮುಂದೆ ಓಡುತ್ತಿತ್ತು. ಎಂಥದ್ದೂ ಇಲ್ಲ ಎನ್ನುತ್ತಿದ್ದ ಜನವೇ ಗೇಟಿನ ಹತ್ತಿರ ನಿಂತು, ಮೊದಲು ನಮ್ಮ ಪಾಗಾರ ನೋಡಿ ಹೋಗಿ ಎಂದು ಕರೆಯತೊಡಗಿತು. ಆಚೆ ಮನೆಯವರು ತಮ್ಮ ಕಲ್ಲೇ ಹೆಚ್ಚು ಹಳೆಯದೆಂದು ವಾದಕ್ಕೂ ನಿಂತರಂತೆ. ಮುನಿಸ್ವಾಮಿ ದಂಪತಿ ಎರಡನೆಯ ರಾತ್ರಿಯೂ ಉಳಿದರು, ಮೂರನೆಯದೂ ಉಳಿದರು. ನಡುವೆ ಮೂಡುಬಿದಿರೆಗೆ ಹೋಗಿ ಬಸದಿ ನೋಡಿ ಬಂದವರು, ಸಾವಿರ ಕಂಬ ಚೆನ್ನಾಗಿದೆ, ಆದರೆ ಆ ಕಲ್ಲು ಕಡಿದ ಗುಂಡಿ ಎಲ್ಲಿದೆಯೋ ಯಾರಿಗೂ ಗೊತ್ತಿಲ್ಲವಲ್ಲ ಎಂದು ಮರುಗಿದರು. ಹೊರಡುವಾಗ, ಮುಂದಿನ ವಾರ ತಮ್ಮ ಜೊತೆ ಗಣಿಗಿಳಿಯುತ್ತಿದ್ದ ಗೆಳೆಯರನ್ನೆಲ್ಲ ಸಂಸಾರ ಸಮೇತ ಕರೆತರುತ್ತೇನೆ ಎಂದರು.

ಕಾರು ತಿರುವು ದಾಟಿದ ಮೇಲೆ ನಮ್ಮ ಯಜಮಾನರು ಕೆಮ್ಮಿ, "ಹೊಗೆಗೂಡಿಗೆ ಬೇರೆ ಜಾಗ ನೋಡುವ," ಎಂದರು. ಆ ಒಂದು ವಾಕ್ಯಕ್ಕೆ ನಾನು ಮದುವೆಯಾದಂದಿನಿಂದ ಕಾಯುತ್ತಿದ್ದೆ ಎಂದರೂ ತಪ್ಪಿಲ್ಲ. ತವರಿಗೆ ಫೋನು ಮಾಡಿ ಹೇಳಿದೆ, ಅಕ್ಕನಿಗೆ ಹೇಳಿದೆ, ಬಸ್ಸಿನಲ್ಲಿ ಪಕ್ಕ ಕೂತವರಿಗೂ ಹೇಳಿದೆ.

ಇಂದು ಸಂಜೆ ಆ ದಂಡು ಬರುತ್ತದೆ. ನಾಳೆ ಬೆಳಿಗ್ಗೆ ಎಲ್ಲರಿಗೂ ನೀರ್ದೋಸೆಯೇ ಆಗಬೇಕೆಂದು ಮುನಿಸ್ವಾಮಿಯವರು ಮುಂಚಿತವಾಗಿ ಹೇಳಿ ಕಳಿಸಿದ್ದಾರೆ, ಒಬ್ಬೊಬ್ಬರಿಗೆ ಎಷ್ಟು ಬೇಕಾಗುತ್ತದೆ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಸೋತವರು ಜಗಲಿಯಲ್ಲಿ ಕಾಲು ಚಾಚಿ ಪೇಪರು ಓದುತ್ತಿದ್ದಾರೆ. ಗೆದ್ದವಳು ಒಳಗೆ ಅಕ್ಕಿ ನೆನೆಹಾಕಲು ದೊಡ್ಡ ಪಾತ್ರೆ ಹುಡುಕುತ್ತಿದ್ದಾಳೆ.