ಎರಡು ಮೊಳದ ಹಾಯಿದೋಣಿ

ನೀರೊಂದನ್ನು ಬಿಟ್ಟರೆ ನಮ್ಮ ಮಾಮಾ ಹೆದರುವ ವಸ್ತು ಇಡೀ ಸಿಂದಗಿ ತಾಲೂಕಿನಲ್ಲಿ ಇರಲಿಲ್ಲ. ಕರೆಂಟಿನ ತಂತಿಯನ್ನು ಬೆರಳಿನಿಂದ ಮುಟ್ಟಿ, "ಐತಿ" ಎಂದು ತಣ್ಣಗೆ ಹೇಳುತ್ತಿದ್ದ. ಆದರೆ ಬಾವಿಯ ಹತ್ತಿರ ಹೋಗಬೇಕೆಂದರೆ ಹತ್ತು ಮಾರು ದೂರದಲ್ಲೇ ಅವನಿಗೆ ಅಂಗಡಿಯ ಕೆಲಸ ನೆನಪಾಗುತ್ತಿತ್ತು. ಇದರಲ್ಲೇನು ವಿಶೇಷ ಎನ್ನುತ್ತೀರಾ? ಅವನು ಅಂಬಿಗರ ಮಗ! ಆಲಮಟ್ಟಿ ಕಡೆಯ ಕಡವಿನಲ್ಲಿ ನಲವತ್ತು ವರ್ಷ ಜನರನ್ನು ಕೃಷ್ಣೆ ದಾಟಿಸಿದವನ ಒಬ್ಬನೇ ಮಗ.

ಅವನು ನನ್ನ ಅವ್ವನ ತಮ್ಮ. ಒಂದು ಕಾಲಕ್ಕೆ ನನ್ನನ್ನು ಅವನಿಗೇ ಕೊಡುವ ಮಾತು ನಡೆದಿತ್ತಂತೆ. ಆ ಯೋಗ ಅವನ ಹೆಂಡತಿಯಾಗಿ ಬಂದ ಅತ್ತಿಯ ಪಾಲಿಗೆ ಹೋಯಿತು, ಅದಕ್ಕಾಗಿ ನಾನು ಅವಳಿಗೆ ಇಂದಿಗೂ ಋಣಿ. ಎಪ್ಪತ್ತರ ದಶಕದಲ್ಲಿ ನನಗೆ ಸಿಂದಗಿಯ ಶಾಲೆಯಲ್ಲಿ ನೌಕರಿ ಸಿಕ್ಕಾಗ ಅವರ ಮನೆಯಲ್ಲೇ ಇದ್ದೆ. ಮುಂದಿನ ಪಡಸಾಲೆಯಲ್ಲಿ ಮಾಮಾನ ರೇಡಿಯೋ ರಿಪೇರಿ ಅಂಗಡಿ. ಅದರ ಕಟ್ಟೆಯ ಮೇಲೆ, ಮೊಣಕಾಲು ಹಿಡಿದು ದೋಣಿ ಬಿಟ್ಟುಬಂದ ನಮ್ಮಜ್ಜ. ಅಜ್ಜ ಕಟ್ಟೆ ಬಿಟ್ಟು ಅಂಗಡಿಯೊಳಗೆ ಒಮ್ಮೆಯೂ ಕಾಲಿಟ್ಟಿರಲಿಲ್ಲ.

ಅದಕ್ಕೆ ಕಾರಣವಿತ್ತು. ಮಾಮಾನಿಗೆ ಹದಿನೇಳು ತುಂಬಿದಾಗ ಅಜ್ಜ ಸಂತೆಯ ಜನ ತುಂಬಿದ ದೋಣಿಯಲ್ಲಿ ಅವನ ಕೈಗೆ ಹುಟ್ಟು ಕೊಟ್ಟಿದ್ದ. ನಡುಹೊಳೆಯಲ್ಲಿ ದೋಣಿ ಹೊಯ್ದಾಡಿತು, ಮಾಮಾ ಹೆದರಿ ಹುಟ್ಟನ್ನೇ ಕೈಬಿಟ್ಟ. ಅಜ್ಜ ಬೈಯಲಿಲ್ಲ, ಹೊಡೆಯಲಿಲ್ಲ. ಇನ್ನೊಂದು ಹುಟ್ಟು ಹಿಡಿದು ಎಲ್ಲರನ್ನೂ ದಂಡೆಗೆ ಮುಟ್ಟಿಸಿದ. ಆಮೇಲೆ ಮಗನಿಗೆ ದೋಣಿಯ ಹಗ್ಗ ಕಟ್ಟುವ ಕೆಲಸವನ್ನೂ ಹೇಳಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು ಎಂದು ಮಾಮಾ ಅತ್ತಿಯ ಮುಂದೆ ಹೇಳಿಕೊಂಡಿದ್ದನಂತೆ.

ಹೀಗಿರುವಾಗ ಮಾಮಾ ಸೋಲಾಪುರದ ರದ್ದಿ ಅಂಗಡಿಯಿಂದ ಒಂದು ಹಳೆಯ ಇಂಗ್ಲಿಷ್ ಮಾಸಿಕ ತಂದ. ಅದರಲ್ಲಿ ಒಬ್ಬ ಸಾಹೇಬ ದಂಡೆಯ ಮೇಲೆ ಪೆಟ್ಟಿಗೆ ಹಿಡಿದು ನಿಂತಿದ್ದಾನೆ, ಕೆರೆಯಲ್ಲಿ ಪುಟ್ಟ ಹಾಯಿದೋಣಿ ಅವನು ಹೇಳಿದ ಕಡೆ ತಿರುಗುತ್ತಿದೆ. ಮಾಮಾ ಆ ದಿನ ಊಟ ಮಾಡಲಿಲ್ಲ.

"ಅಕ್ಕೋರ," ಎಂದ. ನನಗೆ ಶಿಕ್ಷಕಿಯ ನೌಕರಿಯಾದ ಮೇಲೆ ಅವನು ನನ್ನನ್ನು ಕರೆಯುತ್ತಿದ್ದುದು ಹಾಗೆಯೇ. "ಅಪ್ಪನ ಕಣ್ಣ ಮುಂದ ಹೊಳಿ ದಾಟಿಸಿ ತೋರಸ್ತೇನಿ. ದೋಣಿ ನೀರಾಗ, ನಾ ದಂಡಿ ಮ್ಯಾಲ. ಇಬ್ಬರಿಗೂ ಆರಾಮ."

ರೇಡಿಯೋ ಭಾಗ ಅವನಿಗೆ ಎಡಗೈ ಕೆಲಸ. ಗುಂಡಿ ಒಮ್ಮೆ ಒತ್ತಿದರೆ ಚುಕ್ಕಾಣಿ ಎಡಕ್ಕೆ, ಎರಡು ಸಲ ಒತ್ತಿದರೆ ಬಲಕ್ಕೆ ತಿರುಗುವಂತೆ ಹದಿನೈದು ದಿನದಲ್ಲಿ ಮಾಡಿ ಮುಗಿಸಿದ. ಆಗ ಪ್ರತಿ ರೇಡಿಯೋಕ್ಕೂ ಅಂಚೆ ಕಚೇರಿಯಲ್ಲಿ ಲೈಸೆನ್ಸ್ ಪುಸ್ತಕ ಮಾಡಿಸಬೇಕಿತ್ತು. ಮಾಮಾ ಕಾಯ್ದೆಗೆ ತಲೆಬಾಗುವ ಮನುಷ್ಯ, ಪೆಟ್ಟಿಗೆಯನ್ನು ಬಗಲಲ್ಲಿ ಇಟ್ಟುಕೊಂಡು ಹೋದ. ಪೋಸ್ಟ್ ಮಾಸ್ತರರು ತಿರುಗಿಸಿ ಮುರುಗಿಸಿ ನೋಡಿದರು.

"ಇದು ಹಾಡತೈತೇನು?"

"ಇಲ್ರಿ, ದೋಣಿ ತಿರಗಸತೈತಿ."

"ಹಾಡಂಗಿಲ್ಲ ಅಂದ್ರ ಅದಕ್ಕ ನಮ್ಮ ಕಡೆ ಪುಸ್ತಕ ಇಲ್ಲ, ಹೋಗ್ರಿ."

ತೊಡಕು ಬಂದದ್ದು ದೋಣಿಯ ನಮೂನೆ ಆರಿಸುವುದರಲ್ಲಿ. ಜನ ಮಗಳಿಗೆ ಗಂಡು ಹುಡುಕಲೂ ಅಷ್ಟು ದಿನ ತೆಗೆದುಕೊಳ್ಳುವುದಿಲ್ಲ. ಅಂಗಡಿಯ ಗೋಡೆಯ ಮೇಲೆ ಖಡು ಎಂಬ ಸೀಮೆಸುಣ್ಣದಿಂದ ದೋಣಿ ಬರೆಯುವುದು, ನಿಂತು ನೋಡುವುದು, ಅಳಿಸುವುದು. ರಿಪೇರಿಗೆ ಬಂದ ರೇಡಿಯೋಗಳು ಮೂಕವಾಗಿ ಸಾಲಾಗಿ ಕೂತಿದ್ದವು. ಬಂದ ಗಿರಾಕಿಯ ಅಭಿಪ್ರಾಯವನ್ನೂ ಕೇಳುತ್ತಿದ್ದ. ತೊಗರಿ ವ್ಯಾಪಾರಿಯೊಬ್ಬ, "ಎಷ್ಟು ಚೀಲ ಹಿಡಸತೈತಿ?" ಎಂದು ಕೇಳಿ ಬೈಸಿಕೊಂಡು ಹೋದ. ಮಾಮಾ ಕೇಳದೆ ಉಳಿದದ್ದು ಒಬ್ಬನನ್ನು ಮಾತ್ರ, ದೋಣಿಯಲ್ಲೇ ಜೀವ ಸವೆಸಿ ಕಟ್ಟೆಯ ಮೇಲೆ ಕೂತವನನ್ನು. ಆದರೆ ಅಜ್ಜ ಕೇಳದೆಯೇ ಹೇಳುತ್ತಿದ್ದ. ಬಾಗಿಲಿನಿಂದ ಇಣುಕಿ ನೋಡಿ, "ಮುಳಗತೈತಿ" ಎಂದು ಹೇಳಿ ಎಲೆ ಅಡಿಕೆಗೆ ಕೈಹಾಕುತ್ತಿದ್ದ.

ಮೊದಲು ಗೆದ್ದದ್ದು ಸಾಹೇಬನ ನಮೂನೆಯೇ. ಕಿರಿದಾದ ಮೈ, ತಳದಲ್ಲಿ ಮೊಳಕೈಯುದ್ದ ಇಳಿಬಿದ್ದ ಹಲಗೆ, ಅದರ ತುದಿಗೆ ಸೀಸದ ಗುಂಡು. ಪಕ್ಕದ ಓಣಿಯ ಹುಸೇನಸಾಬ ಬಡಿಗ ಅದನ್ನು ತಪ್ಪಿಲ್ಲದಂತೆ ಕೊರೆದುಕೊಟ್ಟ. ಹಾಯಿಗೆ ಅಜ್ಜನ ಹಳೆಯ ಛತ್ರಿಯ ಬಟ್ಟೆ. ಊರ ಕೆರೆಯಲ್ಲಿ ಬಿಟ್ಟರೆ ಎಂಟು ಹೆಜ್ಜೆ ಅಂದವಾಗಿ ಹೋಯಿತು, ಆಮೇಲೆ ಗಕ್ಕನೆ ನಿಂತಿತು. ಆ ಉದ್ದ ಹಲಗೆ ಕೆಸರಿನಲ್ಲಿ ಹೂತು ದೋಣಿ ಗೂಟದಂತೆ ನೆಟ್ಟಗೆ ನಿಂತಿತ್ತು. ನೀರು ಮೊಣಕಾಲಿನಷ್ಟೂ ಇರಲಿಲ್ಲ. ಮಾಮಾ ದಂಡೆಯಲ್ಲಿ ಅರ್ಧ ತಾಸು ಗುಂಡಿ ಒತ್ತಿದ. ಕೊನೆಗೆ ಎಮ್ಮೆ ಮೈತೊಳೆಯುತ್ತಿದ್ದವನೊಬ್ಬ ಅದನ್ನು ಕಿತ್ತು ತಂದು ಕೊಟ್ಟು, "ನಾಟಿ ಚಲೋ ಆಗಿತ್ತು ಬಿಡ್ರಿ" ಎಂದ.

ಎರಡನೆಯದು ಜೋಡಿದೋಣಿ, ಎರಡು ಸಣ್ಣ ದೋಣಿಗಳನ್ನು ಅಡ್ಡಪಟ್ಟಿಯಿಂದ ಜೋಡಿಸಿದ್ದು. ಚಿತ್ರ ನೋಡಿ ಹುಸೇನಸಾಬ ಗಡ್ಡ ಕೆರೆದುಕೊಂಡ.

"ಎರಡು ಮಾಡಿ ಮತ್ತ ಒಂದ ಮಾಡೋದು ಯಾಕ್ರಿ ಯಜಮಾನ್ರ? ಮೊದಲ ಒಂದ ಮಾಡಿಬಿಡೂಣು."

"ನಿನಗ ವಿಜ್ಞಾನ ತಿಳಿಯೂದಿಲ್ಲ, ಸಾಬ."

"ತಿಳಿಯೂದಿಲ್ರಿ. ಕಟಿಗಿ ತಿಳೀತೈತಿ. ಇದು ನಡುವ ಮುರೀತೈತಿ."

ಅಡುಗೆಮನೆಯ ಹಂಡೆಯ ನೀರಿನಲ್ಲೇ ಅದು ನಡುವೆ ಮುರಿಯಿತು. ಅತ್ತಿ ಎರಡು ತುಂಡುಗಳನ್ನೂ ಒಲೆಗೆ ಹಾಕಿ, ಅದೇ ಬೆಂಕಿಯಲ್ಲಿ ರೊಟ್ಟಿ ಬಡಿದು ಗಂಡನಿಗೆ ಬಡಿಸಿದಳು. ರೊಟ್ಟಿ ಮಾತ್ರ ಚೆನ್ನಾಗಿತ್ತು.

ಮಾಮಾ ಸೋಲಲಿಲ್ಲ. ಸಾಹೇಬನ ನಮೂನೆಯನ್ನೇ ಇನ್ನೊಮ್ಮೆ ಗೋಡೆಯ ಮೇಲೆ ದೊಡ್ಡದಾಗಿ ಬರೆದು ಮಲಗಿದ. ಬೆಳಿಗ್ಗೆ ಎದ್ದು ನೋಡಿದರೆ ತಳದ ಉದ್ದ ಹಲಗೆಯನ್ನು ಯಾರೋ ಅಳಿಸಿದ್ದಾರೆ! ಅದರ ಜಾಗದಲ್ಲಿ ಅಗಲವಾದ ಚಪ್ಪಟೆ ತಳ, ಹಿಂದಿನಿಂದ ಮುಂದಿನವರೆಗೆ ಎರಡು ಬೆರಳಿನಷ್ಟೇ ಇಳಿದ ಒಂದು ಪಟ್ಟಿ. ಗೆರೆ ವಕ್ರವಾಗಿದ್ದರೂ ಅನುಮಾನವಿಲ್ಲದ ಗೆರೆ.

"ಯಾರು ಮಾಡಿದ್ರು ಇದನ್ನ?" ಎಂದು ಮಾಮಾ ಮನೆಯವರನ್ನೆಲ್ಲ ಸಾಲಾಗಿ ನಿಲ್ಲಿಸಿ ಕೇಳಿದ. ಯಾರೂ ಒಪ್ಪಲಿಲ್ಲ. ಅಜ್ಜ ಕಟ್ಟೆಯ ಮೇಲೆ ಎಲೆಗೆ ಸುಣ್ಣ ಹಚ್ಚುತ್ತಿದ್ದ. ಸುಣ್ಣ ಹಚ್ಚುವವನ ಬೆರಳು ಬೆಳ್ಳಗಿರುವುದು ಸಹಜ, ಆದರೆ ಅಜ್ಜನ ಅಂಗೈಯೆಲ್ಲ ಖಡುವಿನ ಪುಡಿಯಾಗಿತ್ತು. ನಾನು ನೋಡಿದೆ, ಮಾಮಾನೂ ನೋಡಿದ. ಆ ನಮೂನೆಯ ಅಳತೆ ಬರೆದುಕೊಂಡು ಹುಸೇನಸಾಬನ ಮನೆಗೆ ಹೊರಟ.

ಬೇಸಿಗೆಯಲ್ಲಿ ಹೊಳೆ ಕಿರಿದಾದಾಗ ನಾವು ನಾಲ್ವರೂ ಬಸವನ ಬಾಗೇವಾಡಿಯಲ್ಲಿ ಬಸ್ಸು ಬದಲಿಸಿ ಅಜ್ಜನ ಹಳೆಯ ಕಡವಿಗೆ ಹೋದೆವು. ಮಾಮಾನ ತೊಡೆಯ ಮೇಲಿದ್ದ ದೋಣಿಯನ್ನು ಕಂಡಕ್ಟರ್ ಬಹಳ ಹೊತ್ತು ನೋಡಿ, "ಬಸ್ ಮ್ಯಾಲ ನಂಬಿಕಿ ಇಲ್ಲೇನ್ರಿ?" ಎಂದ.

ಹೊಳೆಯಲ್ಲಿ ಸಣ್ಣಗೆ ಗಾಳಿಯಿತ್ತು. ಮಾಮಾ ನೀರಿನಿಂದ ಐದು ಹೆಜ್ಜೆ ದೂರ ನಿಂತ, ದೋಣಿಯನ್ನು ಅತ್ತಿಯೇ ನೀರಿಗಿಳಿಸಿದಳು. ಕಪ್ಪು ಹಾಯಿ ಗಾಳಿ ತುಂಬಿಕೊಂಡಿತು. ಮಾಮಾ ಪೆಟ್ಟಿಗೆಯನ್ನು ಅಜ್ಜನ ಮುಂದೆ ಹಿಡಿದ.

"ಯಪ್ಪಾ, ನೀ ನಡಸು. ಒಮ್ಮೆ ಒತ್ತಿದ್ರ ಎಡಕ, ಎರಡು ಸರ್ತಿ ಒತ್ತಿದ್ರ ಬಲಕ."

ಅಜ್ಜ ಪೆಟ್ಟಿಗೆಯನ್ನು ನೋಡಿದ, ದೋಣಿಯನ್ನು ನೋಡಿದ. ಆಮೇಲೆ ಮೊಣಕಾಲು ಹಿಡಿದುಕೊಂಡು ಮೆಲ್ಲಗೆ ಒಂದು ಕಲ್ಲಿನ ಮೇಲೆ ಕೂತ.

"ನೀ ನಡಸು. ನಾ ಕುಂದರ್ತೇನಿ."

ಅಂಬಿಗನಾದವನು ದೋಣಿಯಲ್ಲಿ ಸುಮ್ಮನೆ ಕೂರುವವನಲ್ಲ. ನಲವತ್ತು ವರ್ಷದಲ್ಲಿ ಅಜ್ಜ ಇನ್ನೊಬ್ಬರಿಗೆ 'ನಾ ಕುಂದರ್ತೇನಿ' ಎಂದದ್ದನ್ನು ಕೇಳಿದವರಿಲ್ಲ. ಅತ್ತಿ ಸೆರಗು ಬಾಯಿಗೆ ಒತ್ತಿಕೊಂಡಳು.

ನಡುಹೊಳೆಯಲ್ಲಿ ಗಾಳಿ ತಿರುಗಿತು. ದೋಣಿ ಒಂದು ಮಗ್ಗುಲಿಗೆ ವಾಲಿ, ಹಾಯಿಯ ಅಂಚು ನೀರು ಮುಟ್ಟಿತು. ಮಾಮಾನ ಮುಖ ಬಿಳಿಚಿತು, ಗುಂಡಿಯ ಮೇಲಿದ್ದ ಬೆರಳನ್ನು ಹಿಂದಕ್ಕೆಳೆದುಕೊಂಡ. ಅಜ್ಜ ಏಳಲಿಲ್ಲ, ಪೆಟ್ಟಿಗೆಗೆ ಕೈಚಾಚಲೂ ಇಲ್ಲ. ಹೊಳೆಯ ಮೇಲಿನ ಕಣ್ಣು ತೆಗೆಯದೆ ಹೇಳಿದ:

"ಹೆದರಬ್ಯಾಡ. ನಾ ಅದೇನಿ."

ಹದಿನೈದು ವರ್ಷಗಳ ಹಿಂದೆ ಅದೇ ನೀರಿನ ನಡುವೆ ಹೇಳಬೇಕಾಗಿದ್ದ ಮಾತು ಅದು. ಮಾಮಾ ಐದು ಹೆಜ್ಜೆ ಮುಂದೆ ಬಂದು, ಪಾದ ಮುಳುಗುವಷ್ಟು ನೀರಿನಲ್ಲಿ ನಿಂತು ಗುಂಡಿ ಒತ್ತಿದ.